ಅಲೈನರ್ ಅಟ್ಯಾಚ್‌ಮೆಂಟ್‌ಗೆ ಯಾವ ಕಾಂಪೋಸಿಟ್? ನನ್ನ ಅನುಭವ

ಅಲೈನರ್ (ಹಲ್ಲು ಸರಿಸಲು ಹಾಕುವ ಪಾರದರ್ಶಕ ಪ್ಲಾಸ್ಟಿಕ್ ತೊಡಿಕೆ) ಕೇಸ್‌ಗಳನ್ನು ಹೊಸದಾಗಿ ತೆಗೆದುಕೊಳ್ಳುವ ಕಿರಿಯ ಡಾಕ್ಟರುಗಳು ನನ್ನನ್ನು ಕೇಳುವುದು ಹೆಚ್ಚುಕಡಿಮೆ ಒಂದೇ ಪ್ರಶ್ನೆ: "ಅಟ್ಯಾಚ್‌ಮೆಂಟ್‌ಗೆ ಯಾವ ಕಾಂಪೋಸಿಟ್ ಗಟ್ಟಿಯಾಗಿ ಹಿಡಿಯುತ್ತೆ?" ಅಟ್ಯಾಚ್‌ಮೆಂಟ್ ಎಂದರೆ ಅಲೈನರ್‌ಗೆ ಹಿಡಿತ ಸಿಗಲೆಂದು ಹಲ್ಲಿನ ಬಣ್ಣದ ಫಿಲ್ಲಿಂಗ್ ವಸ್ತುವಾದ ಕಾಂಪೋಸಿಟ್‌ನಿಂದ ಹಲ್ಲಿನ ಮೇಲೆ ಕೂರಿಸುವ ಸಣ್ಣ ಉಬ್ಬು. ಹಿಡಿದುಕೊಳ್ಳುವ ಕೆಲಸ ಬಹುಪಾಲು ಎನಾಮಲ್ (ಹಲ್ಲಿನ ಹೊರಪದರ) ಮತ್ತು ಅಂಟು ದ್ರವವಾದ ಬಾಂಡಿಂಗ್ ಏಜೆಂಟಿನದು. ಅದನ್ನು ಸರಿಯಾಗಿ ಮಾಡಿದರೆ ಒಳ್ಳೆಯ ಕಾಂಪೋಸಿಟ್ ಯಾವುದಾದರೂ ಹಿಡಿಯುತ್ತದೆ. ಕಾಂಪೋಸಿಟ್ ಮಾಡಬೇಕಾದ ಕೆಲಸ ಬೇರೆಯೇ ಇದೆ: ಸಾಫ್ಟ್‌ವೇರಿನಲ್ಲಿ ಯೋಜಿಸಿದ ಆಕಾರವನ್ನು ಅಂಚು ಮೂಲೆಗಳ ಸಮೇತ ಹಲ್ಲಿನ ಮೇಲೆ ಇಳಿಸುವುದು, ಇಳಿಸಿದ್ದನ್ನು ತಿಂಗಳುಗಟ್ಟಲೆ ಸವೆಯದಂತೆ ಉಳಿಸಿಕೊಳ್ಳುವುದು. ಅಂಟಿನ ಬಲಕ್ಕಿಂತ ಆಕಾರದ ಬಗ್ಗೆ ನಾನು ಹೆಚ್ಚು ತಲೆ ಕೆಡಿಸಿಕೊಳ್ಳುವುದು ಅದಕ್ಕೇ.

ಅಲೈನರ್ ಅಂದರೆ ನುಣುಪಾದ ಪ್ಲಾಸ್ಟಿಕ್. ಅದು ಹಲ್ಲನ್ನು ತಳ್ಳಬಲ್ಲದು, ಹಿಡಿಯಲಾರದು. ದುಂಡಗಿನ ಮುಂದವಡೆ ಹಲ್ಲನ್ನೋ ಕೋರೆಹಲ್ಲನ್ನೋ ತಿರುಗಿಸಲು ಬರಿಯ ಅಲೈನರ್ ಹಾಕಿದರೆ ಒದ್ದೆ ಕೈಯಲ್ಲಿ ನುಣುಪಾದ ಬಾಟಲಿ ಮುಚ್ಚಳ ತಿರುಗಿಸಲು ಹೊರಟ ಹಾಗೆ, ಜಾರುತ್ತದೆ. ಪಕ್ಕದ ಬಾಚಿಹಲ್ಲನ್ನು ಕೆಳಗೆಳೆಯುವಾಗಲೂ ಇದೇ ಗೋಳು. ಅಟ್ಯಾಚ್‌ಮೆಂಟಿನ ಒಂದು ಮುಖದ ಮೇಲೆ ಪ್ಲಾಸ್ಟಿಕ್ ಒತ್ತಿದಾಗಲೇ ಹಲ್ಲು ಮಾತು ಕೇಳುವುದು. ಅಟ್ಯಾಚ್‌ಮೆಂಟಿನ ದಪ್ಪ ಒಂದು ಮಿಲಿಮೀಟರ್ ಆಸುಪಾಸಿನದು. ಅಷ್ಟು ಸಣ್ಣ ವಸ್ತುವಿನ ಮೂಲೆಯಲ್ಲಿ ಒಂದು ಗಾಳಿಗುಳ್ಳೆ ಕೂತರೆ, ಒತ್ತಬೇಕಾದ ಮುಖವೇ ಅರ್ಧ ಹೋಯಿತು. ಅಟ್ಯಾಚ್‌ಮೆಂಟ್ ಉದುರಿಲ್ಲ, ಪೇಷಂಟ್ ದಿನಕ್ಕೆ 22 ಗಂಟೆ ಅಲೈನರ್ ಹಾಕಿದ್ದಾರೆ, ಆದರೂ ಹಲ್ಲು ತಿರುಗಿಲ್ಲ ಎನ್ನುವ ಕೇಸ್ ಬಂದರೆ ನಾನು ಮೊದಲು ಲೂಪ್ಸ್ (ದೊಡ್ಡದಾಗಿ ತೋರಿಸುವ ಕನ್ನಡಕ) ಹಾಕಿಕೊಂಡು ಆ ಮುಖವನ್ನು ನೋಡುತ್ತೇನೆ.

ಈಗ ವಸ್ತುವಿನ ವಿಚಾರ. ಕಾಂಪೋಸಿಟ್ ಎಂದರೆ ರೆಸಿನ್ನಿನಲ್ಲಿ ಕಲಸಿದ ಗಾಜು, ಸಿಲಿಕಾದಂಥ ಫಿಲ್ಲರ್ ಪುಡಿ. ಪೇಸ್ಟ್ ರೂಪದ ಕಾಂಪೋಸಿಟ್‌ನಲ್ಲಿ ಫಿಲ್ಲರ್ ತೂಕದ ಲೆಕ್ಕದಲ್ಲಿ ಸುಮಾರು ಶೇ 75ರಿಂದ 85ರಷ್ಟಿರುತ್ತದೆ. ಹರಿಯುವ ಜಾತಿಯಲ್ಲಿ, ಅಂದರೆ ಫ್ಲೋಬಲ್‌ನಲ್ಲಿ, ಸಾಮಾನ್ಯವಾಗಿ ಶೇ 50ರಿಂದ 70. ಫಿಲ್ಲರ್ ಕಡಿಮೆಯಾದಷ್ಟೂ ರೆಸಿನ್ ಹೆಚ್ಚು. ರೆಸಿನ್ ಹೆಚ್ಚಾದಷ್ಟೂ ಗಟ್ಟಿಯಾಗುವಾಗ ಕುಗ್ಗುವುದು ಹೆಚ್ಚು, ಸವೆಯುವುದೂ ಹೆಚ್ಚು. ಫ್ಲೋಬಲ್‌ನ ಗುಣ ಎಂದರೆ ಟೆಂಪ್ಲೇಟಿನ (ಆಕಾರವನ್ನು ಹಲ್ಲಿಗೆ ಇಳಿಸುವ ತೆಳು ಪ್ಲಾಸ್ಟಿಕ್ ಅಚ್ಚಿನ) ಗುಳಿಯ ಮೂಲೆಮೂಲೆಗೂ ತಾನೇ ಹೋಗಿ ಕೂರುತ್ತದೆ. ಅದರ ದೋಷವೂ ಅದೇ. ಗುಳಿಯಿಂದ ಹೊರಗೂ ಹೋಗುತ್ತದೆ, ಅಟ್ಯಾಚ್‌ಮೆಂಟಿನ ಸುತ್ತ ತೆಳ್ಳನೆಯ ಪದರವಾಗಿ ಹರಡಿ ಫ್ಲ್ಯಾಶ್ ಆಗುತ್ತದೆ. ಪೇಸ್ಟ್ ಇದಕ್ಕೆ ತದ್ವಿರುದ್ಧ. ಅಂಚು ಚೂಪಾಗಿ ಬರುತ್ತದೆ, ಬಹುಕಾಲ ಹಾಗೇ ಇರುತ್ತದೆ. ಆದರೆ ತಣ್ಣಗಿರುವ ಪೇಸ್ಟನ್ನು ಗುಳಿಗೆ ಒತ್ತಿದರೆ ಮೂಲೆಯಲ್ಲಿ ಗಾಳಿ ಸಿಕ್ಕಿಬೀಳುತ್ತದೆ. ಸ್ವಲ್ಪ ಹೆಚ್ಚು ತುಂಬಿದರೆ ಟೆಂಪ್ಲೇಟ್ ಪೂರ್ತಿ ಕೂರುವುದೇ ಇಲ್ಲ. ಅಟ್ಯಾಚ್‌ಮೆಂಟಿನ ಬುಡದಲ್ಲಿ ಒಂದು ದಿಂಬು ಉಳಿದು, ಇಡೀ ಆಕಾರ ಹಲ್ಲಿನಿಂದ ದೂರ ನಿಲ್ಲುತ್ತದೆ.

ನಾನು ಈಗ ಹೆಚ್ಚಿನ ಕೇಸ್‌ಗಳಲ್ಲಿ ಎರಡನ್ನೂ ಸೇರಿಸುತ್ತೇನೆ. ಮೈಕ್ರೋಬ್ರಷ್‌ನ ತುದಿಯಲ್ಲಿ ಒಂದು ಚೂರು ಫ್ಲೋಬಲ್ ತೆಗೆದುಕೊಂಡು ಗುಳಿಯ ಮೂಲೆಗಳಿಗೆ ಮಾತ್ರ ಸವರುವುದು, ಗಟ್ಟಿಯಾಗಿಸುವ ಲೈಟ್ ಹಿಡಿಯದೆ ಅದರ ಮೇಲೇ ಬೆಚ್ಚಗಿನ ಪೇಸ್ಟ್ ತುಂಬುವುದು. ಕಾಂಪೋಸಿಟ್ ವಾರ್ಮರ್‌ನಲ್ಲಿ 55–60 ಡಿಗ್ರಿಗೆ ಕಾಯಿಸಿದ ಪೇಸ್ಟ್ ಬೆಣ್ಣೆಯಷ್ಟು ಮೆತ್ತಗಾಗುತ್ತದೆ, ಫಿಲ್ಲರ್ ಮಾತ್ರ ಪೇಸ್ಟ್‌ನದ್ದೇ. ಒಂದೇ ತಾಪತ್ರಯ, ವಾರ್ಮರ್‌ನಿಂದ ಹೊರಬಂದ ಮೇಲೆ ಅದು ಬಹಳ ಬೇಗ ತಣ್ಣಗಾಗುತ್ತದೆ. ಹಾಗಾಗಿ ಹಲ್ಲು ಪೂರ್ತಿ ಸಿದ್ಧವಾದ ಮೇಲೆಯೇ ಟೆಂಪ್ಲೇಟ್ ತುಂಬಬೇಕು, ಮತ್ತು ಕೈ ಚುರುಕಾಗಿರಬೇಕು. ವಾರ್ಮರ್ ಇಲ್ಲದವರಿಗೆ ಫಿಲ್ಲರ್ ಹೆಚ್ಚಿರುವ ಇಂಜೆಕ್ಟಬಲ್ ಜಾತಿಯ ಫ್ಲೋಬಲ್ ಒಳ್ಳೆಯ ದಾರಿ. ಇತ್ತೀಚಿನ ಕೆಲವು ಇಂಜೆಕ್ಟಬಲ್‌ಗಳಿಗೂ ಪೇಸ್ಟ್‌ಗೂ ನಡುವಿನ ಗೆರೆ ಮಸುಕಾಗಿದೆ. ಸಿರಿಂಜಿನ ತುದಿಯನ್ನು ಗುಳಿಯ ತಳಕ್ಕೆ ಮುಟ್ಟಿಸಿ, ವಸ್ತುವಿನೊಳಗೇ ಮುಳುಗಿಸಿಟ್ಟು, ನಿಧಾನವಾಗಿ ಮೇಲೆತ್ತುತ್ತ ತುಂಬಿದರೆ ಗುಳ್ಳೆ ಬರುವುದಿಲ್ಲ.

ಎಷ್ಟು ತುಂಬಬೇಕು? ಗುಳಿಯ ಬಾಯಿಗೆ ಸಮವಾಗಿ, ಅಷ್ಟೇ. ತುಂಬಿದ ಮೇಲೆ ಚಪ್ಪಟೆ ಇನ್‌ಸ್ಟ್ರುಮೆಂಟಿನಿಂದ ಒಮ್ಮೆ ಎಳೆದು ಗುಡ್ಡೆಯಾದದ್ದನ್ನು ತೆಗೆಯುತ್ತೇನೆ. ಆಮೇಲೆ ಟೆಂಪ್ಲೇಟನ್ನು ಕಿತ್ತಳೆ ಬಣ್ಣದ ಮುಚ್ಚಳದಡಿ ಇಡುವುದು. ಚೇರ್ ಲೈಟಿನ ಕೆಳಗೆ ಬಿಟ್ಟರೆ ಬಾಯಿಗೆ ಹೋಗುವ ಮೊದಲೇ ಮೇಲ್ಪದರ ಹೆಪ್ಪುಗಟ್ಟಲು ಶುರುವಾಗಿರುತ್ತದೆ.

ಹಲ್ಲಿನ ತಯಾರಿ ಬಗ್ಗೆ ಎಲ್ಲರಿಗೂ ಗೊತ್ತಿರುವುದನ್ನು ಉದ್ದ ಎಳೆಯುವುದಿಲ್ಲ. ಮೊದಲು ಖಾಲಿ ಟೆಂಪ್ಲೇಟ್ ಹಾಕಿ ಪೂರ್ತಿ ಕೂರುತ್ತದೆಯೇ ನೋಡುವುದು, ಎಣ್ಣೆ ಫ್ಲೋರೈಡ್ ಇಲ್ಲದ ಪ್ಯೂಮಿಸ್‌ನಿಂದ ಉಜ್ಜುವುದು, ಜೊಲ್ಲು ದೂರವಿಡುವುದು. 1955ರಲ್ಲಿ ಮೈಕೆಲ್ ಬ್ಯೂನಕೋರ್ ಎನಾಮಲ್ ಮೇಲೆ ಶೇ 85ರ ಫಾಸ್ಫಾರಿಕ್ ಆಸಿಡ್ ಇಟ್ಟು ಒರಟು ಮಾಡಿ (ಇದೇ ಎಚಿಂಗ್) ತೋರಿಸಿಕೊಟ್ಟ ದಾರಿಯಲ್ಲೇ ನಾವೆಲ್ಲ ನಡೆಯುತ್ತಿರುವುದು. ಈಗ ಅದು ಶೇ 37ಕ್ಕೆ ಇಳಿದಿದೆ. ನಾನು 30 ಸೆಕೆಂಡ್ ಬಿಡುತ್ತೇನೆ. ತೊಳೆದು ಒಣಗಿಸಿದಾಗ ಸೀಮೆಸುಣ್ಣದಂತೆ ಬಿಳಿ ಕಾಣದಿದ್ದರೆ, ಅಥವಾ ಒಣಗಿದ ಮೇಲೆ ಜೊಲ್ಲು ತಾಗಿದರೆ, ಒರೆಸಿ ಮುಂದೆ ಹೋಗುವುದಿಲ್ಲ, ಮತ್ತೆ ಎಚ್ ಮಾಡುತ್ತೇನೆ.

ಇಲ್ಲಿ ಒಂದು ವಿಷಯ ಮಾತ್ರ ನಿಂತು ಹೇಳಬೇಕು. ಎಚಿಂಗ್ ಜೆಲ್ಲನ್ನು ಇಡೀ ಹಲ್ಲಿಗೆ ಬಳಿಯುವವರಿದ್ದಾರೆ. ನಾನು ಅಟ್ಯಾಚ್‌ಮೆಂಟ್ ಕೂರುವ ಜಾಗಕ್ಕೆ, ಅದಕ್ಕಿಂತ ಕೂದಲೆಳೆ ಅಗಲವಾಗಿ, ಅಷ್ಟಕ್ಕೇ ಹಚ್ಚುತ್ತೇನೆ. ಖಾಲಿ ಟೆಂಪ್ಲೇಟ್ ಕೂರಿಸಿ ನೋಡುವಾಗಲೇ ಜಾಗ ಗುರುತಿಟ್ಟುಕೊಂಡಿರುತ್ತೇನೆ. ಲಾಭ ಕಾಣುವುದು ಕೊನೆಯಲ್ಲಿ: ಎಚ್ ಆಗದ, ಬಾಂಡಿಂಗ್ ತಾಗದ ಎನಾಮಲ್ ಮೇಲೆ ಹರಿದ ಫ್ಲ್ಯಾಶ್ ಸ್ಕೇಲರ್ ತುದಿ ತಾಗಿಸಿದರೆ ಚಿಪ್ಪಿನಂತೆ ಎದ್ದು ಬರುತ್ತದೆ. ಎಚ್ ಆದ ಜಾಗದಲ್ಲಿ ಹರಿದದ್ದನ್ನು ಬರ್ ಹಿಡಿದು ತೇಯಬೇಕು, ತೇಯುವಾಗ ಅಟ್ಯಾಚ್‌ಮೆಂಟಿನ ಅಂಚೂ ಹೋಗುತ್ತದೆ. ಬಾಂಡಿಂಗ್ ಏಜೆಂಟ್ ಕೂಡ ತೆಳುವಾಗಿಯೇ ಇರಲಿ. ಗಾಳಿ ಊದಿ ಹರಡದಿದ್ದರೆ ವಸಡಿನ ಬದಿಯಲ್ಲಿ ಕೆರೆ ಕಟ್ಟುತ್ತದೆ.

ಟೆಂಪ್ಲೇಟ್ ಕೂರಿಸಿದ ಮೇಲೆ ಬೆರಳು ಎಲ್ಲಿಡುತ್ತೀರಿ ಎನ್ನುವುದು ವಸ್ತುವಿನ ಆಯ್ಕೆಯಷ್ಟೇ ಮುಖ್ಯ. ಟೆಂಪ್ಲೇಟ್ ಅಲೈನರ್‌ಗಿಂತ ತೆಳ್ಳಗೆ, ಮೆತ್ತಗೆ ಇರುತ್ತದೆ. ಗುಳಿಯ ಮೇಲೇ ಬೆರಳಿಟ್ಟು ಒತ್ತಿದರೆ ಗುಳಿ ಚಪ್ಪಟೆಯಾಗಿ ಒಳಗಿನದು ಹೊರಗೆ ಬರುತ್ತದೆ. ಅಟ್ಯಾಚ್‌ಮೆಂಟ್ ತೆಳ್ಳಗೆ, ಫ್ಲ್ಯಾಶ್ ದಪ್ಪಗೆ, ಎರಡೂ ನಷ್ಟ. ಒತ್ತಡ ಕಚ್ಚುವ ಮೇಲ್ಮೈಯಿಂದ ಕೊಡಬೇಕು. ಬದಿಯಲ್ಲಿ ಬೇಕೆಂದರೆ ಗುಳಿಯ ಆಚೀಚೆ, ಗುಳಿಯ ಮೇಲಲ್ಲ. ಸಹಾಯಕರು ಹೊಸಬರಾದರೆ ಇದನ್ನು ಮಾಡೆಲ್ ಮೇಲೆ ತೋರಿಸಿಯೇ ಬಾಯಿಯ ಹತ್ತಿರ ಬಿಡುವುದು.

ಲೈಟ್ ಒಂದೊಂದು ಅಟ್ಯಾಚ್‌ಮೆಂಟಿಗೂ ಪ್ರತ್ಯೇಕವಾಗಿ, ತುದಿಯನ್ನು ಪ್ಲಾಸ್ಟಿಕ್‌ಗೆ ಹತ್ತಿರ ಹಿಡಿದು. ಹೆಚ್ಚಿನ ಕಾಂಪೋಸಿಟ್‌ಗಳಲ್ಲಿರುವ ಕ್ಯಾಂಫರ್‌ಕ್ವಿನೋನ್ 468 ನ್ಯಾನೋಮೀಟರ್ ಸುತ್ತಲಿನ ನೀಲಿ ಬೆಳಕಿಗೆ ಚೆನ್ನಾಗಿ ಸ್ಪಂದಿಸುತ್ತದೆ. ಪ್ಲಾಸ್ಟಿಕ್ ಸ್ವಲ್ಪ ಬೆಳಕು ತಿನ್ನುವುದರಿಂದ ಟೆಂಪ್ಲೇಟ್ ತೆಗೆದ ಮೇಲೆ ಇನ್ನೊಂದು ಸುತ್ತು ಹಿಡಿಯುತ್ತೇನೆ. ಟೆಂಪ್ಲೇಟ್ ಇರುವುದರಿಂದ ಒಂದು ಉಪಕಾರವೂ ಇದೆ, ಗಾಳಿಯ ಆಮ್ಲಜನಕ ತಾಗದ ಕಾರಣ ಮೇಲ್ಮೈ ಅಂಟಂಟಾಗಿ ಉಳಿಯುವುದಿಲ್ಲ. ತೆಗೆಯುವಾಗ ಹಿಂದಿನ ಹಲ್ಲಿನ ನಾಲಿಗೆ ಬದಿಯಿಂದ ಬಿಡಿಸಿಕೊಂಡು ಬರುತ್ತೇನೆ. ಕೆನ್ನೆ ಬದಿಯಿಂದ ಜಗ್ಗಿದರೆ ಆಗಷ್ಟೇ ಕೂತ ಅಟ್ಯಾಚ್‌ಮೆಂಟ್ ಜೊತೆಗೇ ಬರಬಹುದು.

ಫ್ಲ್ಯಾಶ್ ಕಣ್ಣಿಗೆ ಕಾಣಬೇಕಾದರೆ ಬಣ್ಣ ಹಲ್ಲಿಗೆ ಪೂರ್ತಿ ಹೊಂದಬಾರದು. ಪೇಷಂಟ್‌ಗಳು ಕಾಣದಂಥದ್ದೇ ಬೇಕು ಎನ್ನುತ್ತಾರೆ, ನ್ಯಾಯವೇ. ಮುಂದಿನ ಹಲ್ಲುಗಳಲ್ಲಿ ಹೊಂದುವ ಶೇಡ್ ಹಾಕಿ, ಯುವಿ ಟಾರ್ಚ್ ಬೆಳಕಿನಲ್ಲಿ ಹೊಳೆಯುವ ಜಾತಿಯ ಕಾಂಪೋಸಿಟ್ ಆರಿಸಿಕೊಳ್ಳುತ್ತೇನೆ. ಹಿಂದಿನವುಗಳಿಗೆ ಸ್ವಲ್ಪ ಬೇರೆ ಶೇಡ್. ತೀರಾ ಪಾರದರ್ಶಕವಾದ, ರೆಸಿನ್ ಹೆಚ್ಚಿರುವ ವಸ್ತುಗಳು ಮೊದಲ ದಿನ ಚಂದ ಕಂಡು ಆಮೇಲೆ ಕಲೆ ಹಿಡಿಯುವುದನ್ನು ಸಾಕಷ್ಟು ನೋಡಿದ್ದೇನೆ. ಉಳಿದ ಫ್ಲ್ಯಾಶನ್ನು ಟಂಗ್‌ಸ್ಟನ್ ಕಾರ್ಬೈಡ್ ಫಿನಿಶಿಂಗ್ ಬರ್‌ನಿಂದ, ನಿಧಾನ ವೇಗದಲ್ಲಿ, ಒಣಗಿಸಿ ನೋಡುತ್ತ ತೆಗೆಯುವುದು. ಒತ್ತುವ ಮುಖವನ್ನು ಮಾತ್ರ ಬರ್ ಮುಟ್ಟಬಾರದು. ಕೊನೆಗೆ ಮೊದಲ ಅಲೈನರ್ ಹಾಕಿ, ಹಲ್ಲಿನ ತುದಿಗೂ ಪ್ಲಾಸ್ಟಿಕ್‌ಗೂ ಸಂದಿ ಇಲ್ಲದೆ ಕೂತಿದೆಯೇ ಎಂದು ನೋಡದೆ ಪೇಷಂಟನ್ನು ಕಳಿಸುವುದಿಲ್ಲ.

ಕ್ರೌನ್ (ಹಲ್ಲಿಗೆ ತೊಡಿಸಿದ ಕ್ಯಾಪ್) ಇರುವ ಹಲ್ಲು ಬಂದರೆ ನನ್ನ ಮೊದಲ ಪ್ರಯತ್ನ ಪ್ಲಾನ್‌ನಿಂದಲೇ ಆ ಅಟ್ಯಾಚ್‌ಮೆಂಟ್ ಬಿಡಿಸುವುದು. ಬಿಡಲಾಗದಿದ್ದರೆ ಗಾಜಿನ ಅಂಶವಿರುವ ಸಿರಾಮಿಕ್‌ಗೆ ಹೈಡ್ರೋಫ್ಲೋರಿಕ್ ಆಸಿಡ್, ಬಳಿಕ ಸಿಲೇನ್ (ಸಿರಾಮಿಕ್ ಮತ್ತು ರೆಸಿನ್ ಅನ್ನು ಬೆಸೆಯುವ ದ್ರವ). ಈ ಆಸಿಡ್ ವಸಡಿಗೆ ಬಹಳ ಅಪಾಯಕಾರಿ, ರಬ್ಬರ್ ಡ್ಯಾಮ್ (ಹಲ್ಲಿನ ಸುತ್ತ ಕಟ್ಟುವ ರಬ್ಬರ್ ಹಾಳೆ) ಇಲ್ಲದೆ ನಾನು ಬಾಟಲಿ ತೆರೆಯುವುದೇ ಇಲ್ಲ. ಜಿರ್ಕೋನಿಯಾದಲ್ಲಿ ಕರಗಿಸಲು ಗಾಜೇ ಇಲ್ಲದ್ದರಿಂದ ಆಸಿಡ್ ನಡೆಯುವುದಿಲ್ಲ; 50 ಮೈಕ್ರಾನ್ ಅಲ್ಯುಮಿನಾದಿಂದ ಒರಟು ಮಾಡಿ ಎಂಡಿಪಿ (ಜಿರ್ಕೋನಿಯಾಗೆ ಅಂಟುವ ರಾಸಾಯನಿಕ) ಇರುವ ಪ್ರೈಮರ್ ಹಚ್ಚಬೇಕು. ಹಳೆಯ ಕಾಂಪೋಸಿಟ್ ಫಿಲ್ಲಿಂಗ್ ಮೇಲೆ ಒರಟು ಮಾಡಿ ಬಾಂಡಿಂಗ್ ಹಚ್ಚಿದರೆ ಸಾಕಾಗುತ್ತದೆ. ಫ್ಲೋರೋಸಿಸ್ ಇರುವ ಎನಾಮಲ್‌ಗೆ ಎಚಿಂಗ್ ಸಮಯ ಹೆಚ್ಚು ಬೇಕು.

ಒಂದೇ ಹಲ್ಲಿನ ಅಟ್ಯಾಚ್‌ಮೆಂಟ್ ಪದೇಪದೇ ಉದುರಿದರೆ ಕಾಂಪೋಸಿಟ್ ಬದಲಿಸುವ ಮೊದಲು ಕಚ್ಚುವ ಕಾಗದ ಇಟ್ಟು ನೋಡಿ. ಎದುರಿನ ಹಲ್ಲು ನೇರ ಅದರ ಮೇಲೇ ಬಡಿಯುತ್ತಿರಬಹುದು, ಅಥವಾ ಪೇಷಂಟ್ ಪ್ರತಿಸಲವೂ ಅದೇ ಹಲ್ಲಿನಿಂದ ಉಗುರು ಹಾಕಿ ಅಲೈನರ್ ಎಳೆಯುತ್ತಿರಬಹುದು. ಮತ್ತೆ ಅಂಟಿಸುವಾಗ ಹಲ್ಲು ಆಗಲೇ ಸರಿದಿದ್ದರೆ ಮೊದಲಿನ ಟೆಂಪ್ಲೇಟ್ ಕೂರುವುದಿಲ್ಲ. ಆಗ ಕೆಲವರು ಈಗಿನ ಅಲೈನರನ್ನೇ ಅಚ್ಚಾಗಿ ಬಳಸುತ್ತಾರೆ. ಸಾದಾ ಆಯತಾಕಾರದವಕ್ಕೆ ನಾನೂ ಹಾಗೆ ಮಾಡುತ್ತೇನೆ. ಆದರೆ ಆಪ್ಟಿಮೈಸ್ಡ್ (ಆ ಹಲ್ಲಿನ ಚಲನೆಗೆಂದೇ ಸಾಫ್ಟ್‌ವೇರ್ ರೂಪಿಸಿದ) ಅಟ್ಯಾಚ್‌ಮೆಂಟ್‌ಗಳಲ್ಲಿ ಅಲೈನರ್‌ನ ಜಾಗ ಮತ್ತು ಅಟ್ಯಾಚ್‌ಮೆಂಟಿನ ಆಕಾರ ಬೇಕೆಂದೇ ಬೇರೆಯಾಗಿರುತ್ತವೆ, ಒತ್ತಡ ಹುಟ್ಟುವುದೇ ಆ ವ್ಯತ್ಯಾಸದಿಂದ. ಅಲೈನರ್ ತುಂಬಿ ಮಾಡಿದ ಅಟ್ಯಾಚ್‌ಮೆಂಟ್ ಅಚ್ಚುಕಟ್ಟಾಗಿ ಕೂರುತ್ತದೆ, ಕೆಲಸ ಮಾಡುವುದಿಲ್ಲ. ಅಂಥ ಹಲ್ಲಿಗೆ ಆ ಹಂತದ ಹೊಸ ಟೆಂಪ್ಲೇಟನ್ನೇ ತರಿಸುತ್ತೇನೆ.

ಚಿಕಿತ್ಸೆಯ ನಡುವೆ ಹೆಚ್ಚುವರಿ ಅಲೈನರ್‌ಗೆ ಸ್ಕ್ಯಾನ್ ಮಾಡುವ ದಿನ ಪ್ರತಿ ಅಟ್ಯಾಚ್‌ಮೆಂಟಿನ ಅಂಚಿಗೂ ಪ್ರೋಬ್ ಎಳೆದು ನೋಡುತ್ತೇನೆ. ದುಂಡಗಾದವನ್ನು 12 ಫ್ಲೂಟ್‌ನ (ಅಲಗಿನ) ಕಾರ್ಬೈಡ್ ಬರ್‌ನಿಂದ ಒಣಗಿಸಿ ತೆಗೆದು, ಡಿಸ್ಕ್ ಹಾಕಿ ಹಲ್ಲು ನುಣುಪು ಮಾಡಿದ ಮೇಲೆಯೇ ಸ್ಕ್ಯಾನರ್ ಕೈಗೆತ್ತಿಕೊಳ್ಳುವುದು. ಪುಡಿ ಬಹಳ ಹಾರುತ್ತದೆ, ಸಕ್ಷನ್ ಪಕ್ಕದಲ್ಲೇ ಇರಲಿ.