ಟರ್ಬೊ ಬೇಡ ಅಂತ ಹಟ ಹಿಡಿದೆ: ತ್ಸುಚಿಯಾ ದಾರಿಯಲ್ಲಿ ಡ್ರಿಫ್ಟ್ ಕಲಿತ ನನ್ನ ಅನುಭವ

ಕೊನೆಗೂ ಆಯಿತು. ಕಳೆದ ಅಕ್ಟೋಬರಿನಲ್ಲಿ ಜಪಾನಿನ ಫುಕುಶಿಮಾದ ಎಬಿಸು ಸರ್ಕ್ಯೂಟ್‌ನಲ್ಲಿ, ಒಣ ರಸ್ತೆಯಲ್ಲೇ, ಹ್ಯಾಂಡ್‌ಬ್ರೇಕ್ ಮುಟ್ಟದೆ ಎರಡು ತಿರುವುಗಳನ್ನು ಒಂದೇ ಡ್ರಿಫ್ಟ್‌ಗೆ (ಹಿಂದಿನ ಚಕ್ರ ಜಾರಿಸುತ್ತಾ ತಿರುವು ದಾಟೋದು) ಜೋಡಿಸಿದೆ. ಅದೂ 1.6 ಲೀಟರ್ ಎಂಜಿನ್‌ನ, ಟರ್ಬೊ (ಎಂಜಿನ್ನಿಗೆ ಹೆಚ್ಚು ಗಾಳಿ ನೂಕಿ ಶಕ್ತಿ ಹೆಚ್ಚಿಸೋ ಸಾಧನ) ಇಲ್ಲದ ಹಳೇ ಮಾಜ್ದಾ ರೋಡ್‌ಸ್ಟರ್‌ನಲ್ಲಿ. ಎರಡು ವರ್ಷದಿಂದ "ಮಾರಾಯ, ಆ ಗೊಂಬೆ ಕಾರು ಮಾರಿ ಟರ್ಬೊ ಇರೋ ನಿಸ್ಸಾನ್ ಸಿಲ್ವಿಯಾ ತಗೋ" ಅಂತಿದ್ದ ಗೆಳೆಯ ಅವತ್ತು ಗೋಡೆ ಹತ್ತಿರ ನಿಂತು ನೋಡಿದ. ಏನೂ ಹೇಳಲಿಲ್ಲ. ಅದೇ ನನಗೆ ಸಾಕು.

ಸಿಲ್ವಿಯಾ ಬೆಲೆ ಈಗ ಆಕಾಶಕ್ಕೆ ಏರಿದೆ. ಆದರೆ ನಾನು ಬೇಡ ಅಂದಿದ್ದು ಬರೀ ದುಡ್ಡಿಗಲ್ಲ. ಡ್ರಿಫ್ಟ್‌ಗೆ ಹೆಸರಾದ ಜಪಾನಿ ರೇಸರ್ ತ್ಸುಚಿಯಾ ಕೇಯಿಚಿ ಹೆಸರು ಮಾಡಿದ್ದು ಯಾವ ಕಾರಿನಲ್ಲಿ? ಟೊಯೋಟಾ ಎಇ86. ಅದಕ್ಕೂ 1.6 ಲೀಟರೇ, ಅದಕ್ಕೂ ಟರ್ಬೊ ಇಲ್ಲ. 1977ರಲ್ಲಿ ಫುಜಿ ಫ್ರೆಶ್‌ಮನ್ ರೇಸಿನಿಂದ ಶುರು ಮಾಡಿದ ಮನುಷ್ಯ. ಉಸುಯಿ ಘಾಟಿಯಲ್ಲಿ ಓಡಿಸಿ ಓಡಿಸಿ ಕೈ ಪಳಗಿಸಿಕೊಂಡವರು. ಜನ ಅವರನ್ನು ಹೊಗೆ ಎಬ್ಬಿಸುವ 'ಡ್ರಿಫ್ಟ್ ಕಿಂಗ್' ಅಂತ ಮಾತ್ರ ನೆನಪಿಟ್ಟುಕೊಂಡಿದ್ದಾರೆ. ನನ್ನ ಕಣ್ಣಿಗೆ ಬಿದ್ದಿದ್ದು ಅವರ ಬಲಗಾಲು. ಹಳೇ ವಿಡಿಯೋಗಳನ್ನು ನಿಧಾನಕ್ಕೆ ಓಡಿಸಿ ನೋಡಿ. ಬ್ರೇಕ್ ಮೇಲಿಂದ ಕಾಲು ಪೂರ್ತಿ ಎತ್ತುವ ಮುಂಚೆಯೇ ಸ್ಟೀರಿಂಗ್ ತಿರುಗಿರುತ್ತದೆ, ಭಾರ ಎಲ್ಲ ಮುಂದಿನ ಚಕ್ರಕ್ಕೆ ಬಂದು ಹಿಂದಿನದು ಹಗುರಾಗಿ ತಾನಾಗೇ ಜಾರುತ್ತದೆ. ಎಂಜಿನ್ನಿಗೆ ಅಲ್ಲಿ ಕೆಲಸವೇ ಇಲ್ಲ, ಅಲ್ವಾ?

ತ್ಸುಚಿಯಾ ಕೂಡ ಇದನ್ನು ನೋಡಿ ನೋಡಿಯೇ ಕಲಿತಿದ್ದು, ತಕಹಾಶಿ ಕುನಿಮಿತ್ಸು ಅವರಿಂದ. ಆ ಹಿರಿಯರು ಮೊದಲು ಬೈಕ್ ರೇಸರ್. 1961ರಲ್ಲಿ ಪಶ್ಚಿಮ ಜರ್ಮನಿಯಲ್ಲಿ 250 ಸಿಸಿ ರೇಸ್ ಗೆದ್ದು, ಬೈಕ್ ಗ್ರ್ಯಾನ್ ಪ್ರಿ ಗೆದ್ದ ಮೊದಲ ಜಪಾನಿ ಆದವರು. ಆಮೇಲೆ ಕಾರಿಗೆ ಬಂದು ತಿರುವಿನ ಬಾಯಲ್ಲೇ ಬಾಲ ಜಾರಿಸಿ, ಮೂತಿಯನ್ನು ಹೊರದಾರಿಗೆ ತೋರಿಸಿಬಿಡುತ್ತಿದ್ದರು. 1995ರಲ್ಲಿ ಈ ಗುರು-ಶಿಷ್ಯರು ಇಯಿದಾ ಅಕಿರಾ ಜೊತೆ ಒಂದೇ ಹೋಂಡಾ ಎನ್‌ಎಸ್‌ಎಕ್ಸ್ ಹಂಚಿಕೊಂಡು ಫ್ರಾನ್ಸಿನ ಲೆ ಮಾನ್ 24 ಗಂಟೆ ರೇಸಿನಲ್ಲಿ ಜಿಟಿ2 ಅನ್ನೋ ವರ್ಗ ಗೆದ್ದರು, ಒಟ್ಟಾರೆ 8ನೇ ಸ್ಥಾನ. ಡ್ರಿಫ್ಟ್ ಅಂದ್ರೆ ಸುಮ್ನೆ ಸರ್ಕಸ್ ಅನ್ನೋರಿಗೆ ನಾನು ಇದನ್ನೇ ಹೇಳೋದು. ನಂಬದಿದ್ದರೆ 1999ರ ಲೆ ಮಾನ್ ಹೇಳುತ್ತೇನೆ: ಟೊಯೋಟಾದಲ್ಲಿ ಕತಯಾಮಾ, ಸುಜುಕಿ ತೋಶಿಯೊ, ತ್ಸುಚಿಯಾ ಮೂವರೂ ಸೇರಿ ಒಟ್ಟಾರೆ 2ನೇ ಸ್ಥಾನ. ಕೊನೆ ಹೊತ್ತಿನಲ್ಲಿ ಟೈರ್ ಸಿಡಿಯದಿದ್ದರೆ ಏನಾಗುತ್ತಿತ್ತೋ.

ಸರಿ, ನನ್ನ ಕಥೆಗೆ ಬರುತ್ತೇನೆ.

ಮೊದಲ ಆರು ತಿಂಗಳು ಪೂರ್ತಿ ದಂಡ. ಊರಲ್ಲಿ ಚಾರ್ಮಾಡಿ ಘಾಟಿಯಲ್ಲಿ ಅಪ್ಪನ ಮಾರುತಿ ಓಡಿಸಿದ್ದೆನಲ್ಲ, ತಿರುವು ಅಂದ್ರೆ ನನಗೇನು ಹೊಸದಾ ಅನ್ನುವ ಜಂಬ. ಮುಂದಿನ ಚಕ್ರ ಎಳೆಯುವ ಕಾರಿನ ಅಭ್ಯಾಸ ಇಲ್ಲಿ ಉಲ್ಟಾ ಹೊಡೆಯಿತು. ಬಾಲ ಜಾರಿದ ಕೂಡಲೇ ಆಕ್ಸಿಲರೇಟರ್ ಬಿಡುತ್ತಿದ್ದೆ, ಕಾರು ಗಿರಗಿಟ್ಲೆ. ಒಂದೇ ದಿನ ಸುಮಾರು 30 ಸಲ ತಿರುಗಿದ್ದೇನೆ, ಮೂವತ್ತರ ಮೇಲೆ ಎಣಿಸೋದು ಬಿಟ್ಟೆ.

ಆಮೇಲೆ ಡಿಫ್, ಅಂದ್ರೆ ಹಿಂದಿನ ಎರಡು ಚಕ್ರಕ್ಕೆ ಶಕ್ತಿ ಹಂಚೋ ಗೇರ್. ನನ್ನ ಕಾರಿಗೆ ಎಲ್‌ಎಸ್‌ಡಿ (ಒಂದೇ ಚಕ್ರ ಸುಮ್ನೆ ಸುತ್ತದಂತೆ ತಡೆಯೋ ಡಿಫ್) ಇರಲಿಲ್ಲ. ಒಳಗಿನ ಚಕ್ರ ಸುಮ್ನೆ ಸುತ್ತುತ್ತಾ ಹೊಗೆ ಬಿಡುತ್ತದೆ, ಕಾರು ಅರ್ಧ ಜಾರಿ ನೆಟ್ಟಗಾಗುತ್ತದೆ. ಕಾಲಿನ ತಪ್ಪು ಅಂದುಕೊಂಡು ಮೂರು ತಿಂಗಳು ಕಾಲನ್ನೇ ಬೈದೆ. ಕೊನೆಗೆ ಸೆಕೆಂಡ್ ಹ್ಯಾಂಡ್ ಟೂ-ವೇ ಎಲ್‌ಎಸ್‌ಡಿ (ಆಕ್ಸಿಲರೇಟರ್ ತುಳಿದಾಗಲೂ ಬಿಟ್ಟಾಗಲೂ ಕೆಲಸ ಮಾಡೋದು), ಹತ್ತಿರ ಹತ್ತಿರ 60 ಸಾವಿರ ಯೆನ್. ಹಾಕಿಸಿದ ಗ್ಯಾರೇಜಿನವರು ಸೀಲ್ ಸರಿಯಾಗಿ ಕೂರಿಸಲಿಲ್ಲ, ಎಣ್ಣೆ ಸೋರಿ ಇನ್ನೊಂದು 25 ಸಾವಿರ ಹೋಯಿತು. ಎರಡನೇ ಸಲ ನಾನೇ ಕಾರಿನ ಕೆಳಗೆ ಮಲಗಿ ಹಾಕಿದೆ. ಇವತ್ತಿನವರೆಗೆ ಒಂದು ಹನಿ ಸೋರಿಲ್ಲ, ಹೇಳಿಕೊಳ್ಳಲೇಬೇಕು.

ನಿಜವಾಗಿ ಬದಲಾಗಿದ್ದು ನಾನು ಮಳೆ ದಿನ ಮಾತ್ರ ಹೋಗಲು ಶುರು ಮಾಡಿದ ಮೇಲೆ. ಹ್ಯಾಂಡ್‌ಬ್ರೇಕ್ ಹಿಡಿಗೆ ಟೇಪ್ ಸುತ್ತಿ, ಮೂರು ತಿಂಗಳು ಬರೀ ಕಾಲುಬ್ರೇಕ್. ಎಲ್ಲರೂ ಕ್ಲಚ್ ಕಿಕ್ (ಕ್ಲಚ್ ತುಳಿದು ತಟ್ಟನೆ ಬಿಟ್ಟು ಹಿಂದಿನ ಚಕ್ರ ಜಾರಿಸೋದು) ಹೊಡೀತಾ ಇದ್ದರೆ ನಾನು ಒಂದೇ ಮೂಲೆಯಲ್ಲಿ ಬ್ರೇಕ್ ಎಷ್ಟು ನಿಧಾನಕ್ಕೆ ಬಿಡಬಹುದು ಅಂತ ನೋಡುತ್ತಿದ್ದೆ. ನಗುತ್ತಿದ್ದರು. ನೀರಿನಲ್ಲಿ ಎಲ್ಲವೂ ಕಮ್ಮಿ ವೇಗದಲ್ಲಿ ಆಗುತ್ತದೆ, ಟೈರೂ ಸವೆಯಲ್ಲ, ತಪ್ಪು ಎಲ್ಲಿ ಅಂತ ಕಾಣುತ್ತದೆ. ಒಣ ರಸ್ತೆಯಲ್ಲಿ ಮೂರು ಸುತ್ತಿಗೆ ಟೈರ್ ಸಾಯುತ್ತದೆ, ಪಾಠ ಅರ್ಧಕ್ಕೆ ನಿಲ್ಲುತ್ತದೆ. ಶಕ್ತಿ ಕಮ್ಮಿ ಇರೋ ಕಾರಿನಲ್ಲಿ ಒಳಗೆ ಹೋಗುವ ವೇಗವೇ ಬಂಡವಾಳ. ಅದನ್ನು ಬ್ರೇಕಿನಲ್ಲಿ ಪೋಲು ಮಾಡಿದರೆ ಆಮೇಲೆ ಎಷ್ಟು ತುಳಿದರೂ ವಾಪಸ್ ಬರಲ್ಲ.

ಹಿಂದಿನ ಟೈರಿಗೆ ಎಷ್ಟು ಗಾಳಿ ಅಂತ ಕೇಳಬೇಡಿ. ಮುಂದಿನ ಚಕ್ರದ ಕೋನವೂ ಹೇಳಲ್ಲ. ಅದಕ್ಕೇ ಒಂದು ಚಳಿಗಾಲ ಕೊಟ್ಟಿದ್ದೇನೆ. ಎಲ್ಲರೂ ಹೇಳುವುದಕ್ಕಿಂತ ಕಮ್ಮಿ, ಅಷ್ಟು ಮಾತ್ರ ಹೇಳುತ್ತೇನೆ.

ಮಧ್ಯೆ ಹುಚ್ಚು ಪ್ರಯೋಗಗಳೂ ನಡೆದವು. ಡಿಕ್ಕಿಯಲ್ಲಿ 40 ಕಿಲೋ ಮರಳಿನ ಚೀಲ ಇಟ್ಟು ನೋಡಿದೆ. ಕಾರು ಲೋಲಕದ ಥರ ಆಡಿತು, ಒಮ್ಮೆ ಹೋದ ಬಾಲ ವಾಪಸೇ ಬರಲಿಲ್ಲ. ಇನ್ನೊಂದು ದಿನ ಗೆಳೆಯನ ಚಿಕ್ಕ ಫ್ರಂಟ್ ವೀಲ್ ಕಾರಿನ ಹಿಂದಿನ ಚಕ್ರಗಳ ಕೆಳಗೆ ಊಟದ ಪ್ಲಾಸ್ಟಿಕ್ ಟ್ರೇ ಇಟ್ಟು, ಹ್ಯಾಂಡ್‌ಬ್ರೇಕ್ ಹಾಕಿಕೊಂಡೇ ಓಡಿಸಿದೆವು. ನಕ್ಕು ನಕ್ಕು ಸಾಕಾಯಿತು. ಆದರೆ ಎದುರು ಸ್ಟೀರಿಂಗ್ (ಬಾಲ ಜಾರಿದ ಕಡೆಗೇ ಚಕ್ರ ತಿರುಗಿಸೋದು) ಎಷ್ಟು ಬೇಗ ಕೊಡಬೇಕು ಅನ್ನೋದು ನನ್ನ ಕೈಗೆ ಹತ್ತಿದ್ದು ಆ ಟ್ರೇಗಳಿಂದಲೇ. ಸ್ಟೀರಿಂಗ್ ತಿರುಗಿಸೋದಲ್ಲ, ಬಿಡೋದು. ಅದೇ ಸುತ್ತಿಕೊಳ್ಳುತ್ತದೆ, ಸರಿಯಾದ ಹೊತ್ತಿಗೆ ಹಿಡಿದರೆ ಸಾಕು.

ಒಂದು ವಿಷಯದಲ್ಲಿ ಮಾತ್ರ ನಾನು ತ್ಸುಚಿಯಾ ದಾರಿ ಹಿಡಿಯಲಿಲ್ಲ. ಘಾಟಿಯಲ್ಲಿ ಓಡಿಸಿದ ವಿಡಿಯೋ 1987ರಲ್ಲಿ ಹೊರಬಂದು ಅವರ ಲೈಸೆನ್ಸ್ ಅಮಾನತಾಗಿತ್ತು. ಅವರಿಗೆ ಲೈಸೆನ್ಸ್ ವಾಪಸ್ ಸಿಕ್ಕಿತು. ನನಗೆ ವೀಸಾ ಹೋದರೆ ಯಾರು ಕೊಡುತ್ತಾರೆ? ನಾನು ಓಡಿಸಿದ್ದೆಲ್ಲ ಸರ್ಕ್ಯೂಟಿನೊಳಗೇ.

ದುಡ್ಡಿನ ಲೆಕ್ಕ ನೆನಪಿದ್ದಷ್ಟು: ಕಾರಿಗೆ ನಾಲ್ಕೂವರೆ ಲಕ್ಷ ಯೆನ್. ವರ್ಷದ ತೆರಿಗೆ, ಎರಡು ವರ್ಷಕ್ಕೊಮ್ಮೆ ಶಾಕೆನ್ (ಜಪಾನಿನ ಕಡ್ಡಾಯ ವಾಹನ ತಪಾಸಣೆ), ಎಲ್ಲ ಸೇರಿ ಮೂರು ಲಕ್ಷ ದಾಟಿತು. ಹಳೇ ಟೈರ್ ಒಂದಕ್ಕೆ 1,500 ಯೆನ್ ಲೆಕ್ಕದಲ್ಲಿ ಐವತ್ತಾದರೂ ಸುಟ್ಟಿದ್ದೇನೆ. ಟೋಲ್, ಪೆಟ್ರೋಲ್, ಸರ್ಕ್ಯೂಟ್ ಶುಲ್ಕ ಸೇರಿಸಿದರೆ ಒಟ್ಟು 13 ಲಕ್ಷದ ಆಚೀಚೆ. ರೂಪಾಯಿಯಲ್ಲಿ ಏಳೆಂಟು ಲಕ್ಷ. ಮನೆಯಲ್ಲಿ ಐದು ಅಂತ ಹೇಳಿದ್ದೇನೆ.

ಮೂರನೇ ತಿರುವು ಇನ್ನೂ ಜೋಡಿಸಲು ಆಗಿಲ್ಲ. ಬಾಲ್ಕನಿಯಲ್ಲಿ ನಾಲ್ಕು ಟೈರ್ ಕಾಯುತ್ತಿವೆ, ಭಾನುವಾರ ಮಳೆ ಅಂತ ಹವಾಮಾನದವರು ಹೇಳಿದ್ದಾರೆ. ಸಿಲ್ವಿಯಾ ಗೆಳೆಯನೂ ಬರ್ತಾನಂತೆ. ಟೇಪ್ ಎಲ್ಲಿ ಸಿಗುತ್ತೆ ಅಂತ ಕೇಳಿದ.