ಜರ್ಮನಿಯಲ್ಲಿ ಪಾರ್ಕಿಂಗ್ ನಿಯಮ ನಾನು ಕಲಿತದ್ದು ಹೀಗೆ

ಜರ್ಮನಿಗೆ ಬಂದು ನೆಲೆಸಿದ ಮೇಲೆ ನಮ್ಮ ಊರಿನ ಡ್ರೈವಿಂಗ್ ಲೈಸೆನ್ಸ್ 6 ತಿಂಗಳು ಮಾತ್ರ ನಡೆಯುತ್ತದೆ. ಆಮೇಲೆ ಥಿಯರಿ, ಪ್ರಾಕ್ಟಿಕಲ್ ಎರಡೂ ಪಾಸಾಗಬೇಕು. ನಾನು ಮ್ಯೂನಿಕ್‌ನಲ್ಲಿ ಬರೆದೆ. ಥಿಯರಿಯಲ್ಲಿ 30 ಪ್ರಶ್ನೆ, ಇಂಗ್ಲಿಷ್‌ನಲ್ಲೂ ಬರೆಯಬಹುದು.

ಆ್ಯಪ್‌ನಲ್ಲಿ ಪ್ರಶ್ನೆಗಳನ್ನು ಉರು ಹೊಡೆದು ಪಾಸಾಗುವವರು ತುಂಬಾ ಜನ ಇದ್ದಾರೆ. ನನಗೆ ಅದು ಸಾಲದು ಅನ್ನಿಸಿತು, ಯಾಕಂದ್ರೆ ಪರೀಕ್ಷೆ ಮುಗಿದ ಮೇಲೆ ದಿನಾ ಗಾಡಿ ನಿಲ್ಲಿಸಬೇಕಾದ್ದು ನಮ್ಮ ಬೀದಿಯಲ್ಲೇ ಅಲ್ವಾ? ಹಾಗಾಗಿ ಸಂಜೆ ವಾಕಿಂಗ್ ಹೋದಾಗ ಒಂದೊಂದು ಬೋರ್ಡ್ ಮುಂದೆಯೂ ನಿಂತು, ಫೋಟೋ ತೆಗೆದು, ಮನೆಗೆ ಬಂದು ನಿಯಮ ತೆರೆದು ನೋಡುತ್ತಿದ್ದೆ. ನಿಮಗೂ ಇದನ್ನೇ ಹೇಳುತ್ತೇನೆ.

ನೀಲಿ ವೃತ್ತ, ಕೆಂಪು ಅಂಚು, ಇದು ನಮ್ಮ ಕಡೆಯೂ ಇದೆ. ಅದರೊಳಗೆ ಎರಡು ಕೆಂಪು ಗೆರೆ ಅಡ್ಡ ಹಾಯ್ದಿದ್ದರೆ ಗಾಡಿ ನಿಲ್ಲಿಸಲೇಬಾರದು. ಒಂದೇ ಗೆರೆ ಇದ್ದರೆ 3 ನಿಮಿಷದವರೆಗೆ ನಿಲ್ಲಿಸಬಹುದು, ಆದರೆ ಗಾಡಿ ಬಿಟ್ಟು ಹೋದರೆ ಆ ಕ್ಷಣದಿಂದಲೇ ಅದು ಪಾರ್ಕಿಂಗ್ ಲೆಕ್ಕ. ಬೋರ್ಡ್ ಒಳಗೆ ಒಂದು ಸಣ್ಣ ಬಿಳಿ ಬಾಣ ಇರುತ್ತದೆ, ಸುಮಾರು ಜನ ಅದನ್ನು ನೋಡುವುದೇ ಇಲ್ಲ. ಬಾಣ ರಸ್ತೆ ಕಡೆ ತಿರುಗಿದ್ದರೆ ನಿಷೇಧ ಅಲ್ಲಿಂದ ಶುರು, ರಸ್ತೆಯಿಂದ ಆಚೆ ತಿರುಗಿದ್ದರೆ ಅಲ್ಲಿಗೆ ಮುಗಿಯಿತು. ಕೆಳಗಿನ ಪುಟ್ಟ ಫಲಕವನ್ನೂ ಓದಿ. ಅದರಲ್ಲಿ ಕೆಲಸದ ದಿನ ಅಂತ ಬರೆದಿದ್ದರೆ ಶನಿವಾರವೂ ಸೇರಿತು ಅಂತ ಅರ್ಥ.

ಬೋರ್ಡ್ ಇಲ್ಲದ ಕಡೆಯೂ ನಿಯಮ ಇದೆ. ಕೂಡುರಸ್ತೆಯಿಂದ 5 ಮೀಟರ್ ಒಳಗೆ ಪಾರ್ಕ್ ಮಾಡುವಂತಿಲ್ಲ, ಬಲಕ್ಕೆ ಪ್ರತ್ಯೇಕ ಸೈಕಲ್ ದಾರಿ ಇದ್ದರೆ 8 ಮೀಟರ್. ಇದು ನನಗೆ ತುಂಬಾ ಸರಿ ಅನ್ನಿಸಿದ ನಿಯಮ. ಮೂಲೆಯಲ್ಲಿ ಕಾರು ನಿಂತಿದ್ದರೆ ದಾಟಲು ನಿಂತ ಮಗು ಯಾರಿಗೂ ಕಾಣುವುದಿಲ್ಲ. ಚಿಕ್ಕ ಬೀದಿಗಳ ಕೂಡುರಸ್ತೆಯಲ್ಲಿ ಯಾವ ಬೋರ್ಡೂ ಸಿಗ್ನಲ್ಲೂ ಇಲ್ಲದಿದ್ದರೆ ಬಲಗಡೆಯಿಂದ ಬರುವವರಿಗೆ ಮೊದಲು ದಾರಿ, ಬರುತ್ತಿರುವುದು ಸೈಕಲ್ ಆದರೂ ಸರಿ.

ಇನ್ನು ಪಾರ್ಕಿಂಗ್ ಡಿಸ್ಕ್. ಅಂಗಡಿಗಳ ಹತ್ತಿರ ದುಡ್ಡಿಲ್ಲದೆ 1 ಅಥವಾ 2 ಗಂಟೆ ನಿಲ್ಲಿಸಲು ಬಿಡುತ್ತಾರೆ, ಆದರೆ ಮುಂದಿನ ಗಾಜಿನ ಹಿಂದೆ ಗಡಿಯಾರದ ಮುಖದಂಥ ನೀಲಿ ಕಾರ್ಡ್ ಇಡಬೇಕು. ಬಂದ ಸಮಯವನ್ನು ಹಾಗೇ ಇಡುವುದಲ್ಲ, ಮುಂದೆ ಬರುವ ಅರ್ಧ ಗಂಟೆಯ ಗೆರೆಗೆ ತಿರುಗಿಸಬೇಕು. 10:05ಕ್ಕೆ ಬಂದರೆ 10:30. 2 ಗಂಟೆ ಜಾಗವಾದರೆ 12:30ರವರೆಗೆ ಇರಬಹುದು. ಮಧ್ಯೆ ಬಂದು ಸುಮ್ನೆ ಮುಂದಕ್ಕೆ ತಿರುಗಿಸಿ ಹೋಗುವ ಹಾಗಿಲ್ಲ. ಡಿಸ್ಕ್ ಇಡದಿದ್ದರೆ ಕನಿಷ್ಠ 20 ಯೂರೋ ದಂಡ.

ಊರಿಗೆ ಹೋಗುವವರು ಇದೊಂದನ್ನು ಮರೆಯಬೇಡಿ. ಯಾರೋ ಮನೆ ಬದಲಿಸುತ್ತಾರೆ, ಇಲ್ಲವೇ ರಸ್ತೆ ಅಗೆಯುತ್ತಾರೆ ಅಂದರೆ ನೀವು ಸರಿಯಾಗಿಯೇ ನಿಲ್ಲಿಸಿದ ಜಾಗಕ್ಕೂ ತಾತ್ಕಾಲಿಕ ನಿಷೇಧದ ಬೋರ್ಡ್ ಬರುತ್ತದೆ. ಬೋರ್ಡ್ ಇಟ್ಟ ಮೇಲೆ ಪೂರ್ತಿ 3 ದಿನ ಕಳೆದರೆ, 4ನೇ ದಿನ ಗಾಡಿ ಎತ್ತಿಕೊಂಡು ಹೋಗಿ ಖರ್ಚು ಮಾಲೀಕರಿಂದಲೇ ವಸೂಲಿ ಮಾಡಬಹುದು ಅಂತ 2018ರಲ್ಲಿ ಜರ್ಮನಿಯ ಕೇಂದ್ರ ಆಡಳಿತ ನ್ಯಾಯಾಲಯವೇ ಹೇಳಿದೆ. ರಜೆಯಲ್ಲಿದ್ದೆ, ನನಗೆ ಗೊತ್ತೇ ಇರಲಿಲ್ಲ ಅಂದರೆ ನಡೆಯುವುದಿಲ್ಲ. ಹಾಗಾಗಿ ತಿಂಗಳಗಟ್ಟಲೆ ಶಿವಮೊಗ್ಗಕ್ಕೆ ಹೋಗುವಾಗ ನಾನು ಕಾರಿನ ಕೀಲಿಯನ್ನು ಪಕ್ಕದ ಬೀದಿಯ ಗೆಳೆಯನ ಕೈಗೆ ಕೊಟ್ಟು, ಎರಡು ದಿನಕ್ಕೊಮ್ಮೆ ಆ ಕಡೆ ಹಾದು ಬೋರ್ಡ್ ಬಂದಿದೆಯಾ ಅಂತ ನೋಡಲು ಹೇಳಿ ಹೊರಡುತ್ತೇನೆ. ಅವನು ಊರಿಗೆ ಹೋದಾಗ ಅವನ ಕೀಲಿ ನನ್ನ ಹತ್ತಿರ ಇರುತ್ತದೆ.