ಇಳಕಲ್ ಸೀರೆಯ ಹೆಸರನ್ನು ಉಳಿಸಿಕೊಳ್ಳಲು ನಾನು ಮಾಡಿದ್ದು

ಇಳಕಲ್ ಸೀರೆಗೆ ಜಿಐ ಟ್ಯಾಗ್ (ಒಂದು ಊರಿನ ವಿಶಿಷ್ಟ ಸರಕಿನ ಹೆಸರನ್ನು ಕಾಯುವ ‘ಭೌಗೋಳಿಕ ಸೂಚಕ’) ಸಿಕ್ಕಿದೆ ಎಂಬುದು ನಮ್ಮ ಊರಿನ ಎಲ್ಲ ನೇಕಾರರಿಗೂ ಗೊತ್ತು. ಆದರೆ ಆ ಹೆಸರನ್ನು ದುರ್ಬಳಕೆ ಮಾಡಿದವರ ವಿರುದ್ಧ ನೇಕಾರನೇ ಉಲ್ಲಂಘನೆಯ ದಾವೆ ಹೂಡಬೇಕಾದರೆ ಅವನ ಹೆಸರೂ ಚೆನ್ನೈನ ಭೌಗೋಳಿಕ ಸೂಚಕಗಳ ನೋಂದಣಿ ಕಚೇರಿಯಲ್ಲಿ ‘ಅಧಿಕೃತ ಬಳಕೆದಾರ’ ಎಂದು ದಾಖಲಾಗಿರಬೇಕು ಎಂಬುದು ಬಹಳ ಜನರಿಗೆ ಗೊತ್ತಿಲ್ಲ. ಭೌಗೋಳಿಕ ಸೂಚಕಗಳ 1999ರ ಕಾಯ್ದೆ 2003ರ ಸೆಪ್ಟೆಂಬರ್ 15ರಂದು ಜಾರಿಗೆ ಬಂದಾಗಿನಿಂದಲೂ ಈ ಅವಕಾಶ ಇದೆ. 2020ರಲ್ಲಿ ಕೇಂದ್ರ ಸರಕಾರ ನಿಯಮ ತಿದ್ದಿ, 500 ರೂಪಾಯಿ ಇದ್ದ ಅರ್ಜಿ ಶುಲ್ಕವನ್ನು 10 ರೂಪಾಯಿಗೆ ಇಳಿಸಿದ್ದು ನಮ್ಮಂಥ ಸಣ್ಣ ಮಗ್ಗದವರಿಗೆ ನಿಜವಾಗಿ ಉಪಯೋಗವಾದ ಕ್ರಮ.

ಅಧಿಕೃತ ಬಳಕೆದಾರನಾಗಲು ಸಲ್ಲಿಸುವ ಜಿಐ-3 ನಮೂನೆ ತುಂಬುವುದು ಕಷ್ಟವಲ್ಲ. ನೇಕಾರರ ಗುರುತಿನ ಚೀಟಿ, ಪ್ರಮಾಣಪತ್ರ (ಅಫಿಡವಿಟ್), ಮಗ್ಗದ ಮೇಲೆ ಕುಳಿತ ಫೋಟೊ ಇಷ್ಟನ್ನು ಹೊಂದಿಸಿಕೊಂಡೆ. ಸಮಯ ಹಿಡಿದದ್ದು ನಾವು ನೇಯುವ ರೀತಿಯ ವಿವರಣೆ, ಅದರಲ್ಲೂ ಒಡಲನ್ನೂ ಸೆರಗನ್ನೂ ಕೂಡಿಸುವ ಕೊಂಡಿಯ ವಿವರಣೆ. ನಮ್ಮಲ್ಲಿ ಸೀರೆಯ ಒಡಲಿಗೆ ಒಂದು ಹಾಸು (ಉದ್ದಕ್ಕೆ ಹಾಯುವ ಎಳೆಗಳು), ಸೆರಗಿಗೆ ಇನ್ನೊಂದು ಹಾಸು. ಒಡಲಿನ ಒಂದೊಂದು ಎಳೆಯನ್ನೂ ಸೆರಗಿನ ಕೆಂಪು ಎಳೆಗೆ ಕುಣಿಕೆ ಹಾಕಿ ಜೋಡಿಸಬೇಕು, ಈ ಕೆಲಸ ಪ್ರತಿ ಸೀರೆಗೂ ಹೊಸದಾಗಿ ಆಗಬೇಕು. ಉದ್ದನೆಯ ಹಾಸನ್ನು ಒಮ್ಮೆಗೇ ಏರಿಸಿ ಓಡಿಸುವ ಪವರ್‌ಲೂಮಿಗೆ ಇದು ಒಗ್ಗುವುದಿಲ್ಲ. ಹಾಗಾಗಿ ನಕಲಿ ಸೀರೆಯಲ್ಲಿ ಒಡಲಿನ ಎಳೆಯೇ ಸೆರಗಿನೊಳಕ್ಕೂ ಮುಂದುವರಿದು, ಕೆಂಪು ಹೊಕ್ಕಿನ (ಅಡ್ಡ ಎಳೆಗಳ) ನಡುವೆ ಒಡಲಿನ ಬಣ್ಣ ಇಣುಕುತ್ತದೆ. ಅಸಲಿ ಸೀರೆಯನ್ನು ಮಗುಚಿ, ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿದರೆ ಕೊಂಡಿಯ ಸಾಲು ಕೈಗೆ ತಾಗುತ್ತದೆ. ಇದನ್ನು ಅಕ್ಷರದಲ್ಲೂ ಫೋಟೊದಲ್ಲೂ ಹಿಡಿದಿಟ್ಟದ್ದೇ ಮುಂದೆ ನನ್ನ ದೂರಿಗೆ ಆಧಾರವಾಯಿತು.

ದೊಡ್ಡ ನಗರದ ಅಂಗಡಿಯೊಂದು ‘ಅಸಲಿ ಇಳಕಲ್ ಕೈಮಗ್ಗ’ ಎಂಬ ಚೀಟಿ ಹಚ್ಚಿ ಪಾಲಿಯೆಸ್ಟರ್ ಸೀರೆ ಮಾರುತ್ತಿದೆ ಎಂದು ನಮ್ಮ ಗಿರಾಕಿಯೊಬ್ಬರು ತಿಳಿಸಿದಾಗ, ನಾನು ಮೊದಲು ಅಲ್ಲಿಂದ ಒಂದು ಸೀರೆ ಕೊಂಡು, ಬಿಲ್ಲಿನ ಮೇಲೆ ‘ಇಳಕಲ್ ಕೈಮಗ್ಗ ಸೀರೆ’ ಎಂದೇ ಬರೆಸಿಕೊಂಡೆ. ಚೀಟಿಯನ್ನು ಸೀರೆಯಿಂದ ಕೀಳದೆ ಹಾಗೆಯೇ ಇಟ್ಟೆ. ಒಡಲಿನಿಂದ ಎಳೆದ ದಾರವನ್ನು ಸುಟ್ಟಾಗ ಅದು ಹತ್ತಿಯಂತೆ ಬೂದಿಯಾಗದೆ, ಕರಗಿ ಗಟ್ಟಿ ಗುಂಡಾಯಿತು. ನಮ್ಮ ಸೀರೆ ಮತ್ತು ಆ ಸೀರೆಯ ಸೆರಗಿನ ಹಿಂಬದಿಯನ್ನು ಅಕ್ಕಪಕ್ಕ ಇಟ್ಟು ತೆಗೆದ ಫೋಟೊ, ಬಿಲ್ಲು, ನನ್ನ ನೋಂದಣಿ ಪತ್ರ ಎಲ್ಲವನ್ನೂ ಸೇರಿಸಿ ಕೈಮಗ್ಗ ಇಲಾಖೆಗೂ ಪೊಲೀಸರಿಗೂ ದೂರು ಕೊಟ್ಟೆ.

ಇಲ್ಲಿ ಒಂದು ಮಾತು ತಿಳಿದಿರಬೇಕು. ಡಿವೈಎಸ್‌ಪಿ ಅಥವಾ ಅದಕ್ಕೂ ಮೇಲಿನ ದರ್ಜೆಯ ಅಧಿಕಾರಿ ವಾರಂಟ್ ಇಲ್ಲದೆ ಶೋಧಿಸಿ ಮಾಲು ಜಪ್ತಿ ಮಾಡಬಹುದು, ಆದರೆ ಅದಕ್ಕೆ ಮೊದಲು ಜಿಐ ರಿಜಿಸ್ಟ್ರಾರರ ಅಭಿಪ್ರಾಯ ಪಡೆಯಲೇಬೇಕು. ಇದು ಸುಮ್ಮನೆ ವಿಳಂಬ ಎಂದು ಬೇಸರಪಡುವವರಿದ್ದಾರೆ. ನನಗೆ ಹಾಗನಿಸುವುದಿಲ್ಲ, ಏಕೆಂದರೆ ಅಸಲಿ ಯಾವುದು ಎಂದು ಬಲ್ಲವರು ನೋಡದೆ ನಡೆದ ದಾಳಿಯಲ್ಲಿ ನಮ್ಮದೇ ಸೀರೆ ಮಾರುವ ಸಣ್ಣ ಅಂಗಡಿಯವನು ಸಿಕ್ಕಿಕೊಳ್ಳಬಹುದು. ಅಪರಾಧ ಸಾಬೀತಾದರೆ ಆರು ತಿಂಗಳಿಂದ ಮೂರು ವರ್ಷದವರೆಗೆ ಜೈಲು, 50,000ದಿಂದ 2 ಲಕ್ಷ ರೂಪಾಯಿವರೆಗೆ ದಂಡ ಇದೆ. ನಮ್ಮ ಪ್ರಕರಣ ಅಷ್ಟು ದೂರ ಹೋಗಲಿಲ್ಲ. ದಾಖಲೆಗಳೊಂದಿಗೆ ವಕೀಲರ ನೋಟಿಸು ತಲುಪಿದ ಮೇಲೆ ಅಂಗಡಿಯವರು ಚೀಟಿ ತೆಗೆದು, ಮುಂದೆ ಹಾಗೆ ಮಾರುವುದಿಲ್ಲ ಎಂದು ಬರೆದುಕೊಟ್ಟರು.

ಕೈಮಗ್ಗಕ್ಕೆ ಮೀಸಲಾದ ಬಟ್ಟೆಯನ್ನು ಪವರ್‌ಲೂಮಿನಲ್ಲಿ ನೇಯುವುದನ್ನು ತಡೆಯುವ 1985ರ ಕಾಯ್ದೆಯೂ ಇದೆ. ಆದರೆ ಅದು ಹಿಡಿಯುವುದು ನೇಯುವವರನ್ನು, ಹೆಸರು ಹಚ್ಚಿ ಮಾರುವವರನ್ನಲ್ಲ. ಆದ್ದರಿಂದ ಕೈಮಗ್ಗ, ಪೊಲೀಸ್ ಎರಡೂ ಇಲಾಖೆಗಳ ಬಾಗಿಲು ತಟ್ಟಬೇಕಾಗುತ್ತದೆ. ಗಿರಾಕಿಗಳಿಗಾಗಿ ನಾನು 2006ರಲ್ಲಿ ಶುರುವಾದ, ಬಟ್ಟೆ ಕೈಮಗ್ಗದ್ದೇ ಎಂದು ತಿಳಿಸುವ ಹ್ಯಾಂಡ್‌ಲೂಮ್ ಮಾರ್ಕ್ ಲೇಬಲ್ಲನ್ನೂ ಜವಳಿ ಸಮಿತಿಯಿಂದ ಪಡೆದು ಪ್ರತಿ ಸೀರೆಗೂ ಹೊಲಿಸುತ್ತಿದ್ದೇನೆ.

ಈಗ ಅದೇ ಮಾಲು ಬೇರೆ ಕಡೆ ‘ಇಳಕಲ್ ಮಾದರಿ’ ಎಂಬ ಹೆಸರಿನಲ್ಲಿ ಬರುತ್ತಿದೆ. ‘ಮಾದರಿ’, ‘ಶೈಲಿ’ ಎಂಬ ಪದ ಸೇರಿಸಿದರೂ ಉಲ್ಲಂಘನೆಯೇ ಆಗಬೇಕಾದರೆ, ಕಾಯ್ದೆಯ 22ನೇ ಸೆಕ್ಷನ್ನಿನ ಅಡಿಯಲ್ಲಿ ಕೇಂದ್ರ ಸರಕಾರ ಆ ಸರಕನ್ನು ಹೆಚ್ಚುವರಿ ರಕ್ಷಣೆಗೆ ಅಧಿಸೂಚಿಸಬೇಕು. ಇಳಕಲ್ ಸೀರೆಗೆ ಆ ರಕ್ಷಣೆ ಬೇಕೆಂಬ ಮನವಿಯನ್ನು ಬರೆಯುತ್ತಿದ್ದೇನೆ. ಅದರ ಜೊತೆಗೆ ನಮ್ಮ ಓಣಿಯ ಇತರ ನೇಕಾರರ ಜಿಐ-3 ಅರ್ಜಿಗಳನ್ನೂ ತುಂಬಿಸಿಕೊಡುತ್ತಿದ್ದೇನೆ.